ಮೇಷ್ಟ್ರ ಬಸ್ಸು

ಮೇಲ್ಸೇತುವೆ ಇಳಿದ ಮೂಲೆಯ ಜನ ಅವರನ್ನು ಎದುರಿಗೆ ಮೇಷ್ಟ್ರು ಅನ್ನುತ್ತಿದ್ದರು, ಬೆನ್ನ ಹಿಂದೆ ಕಿರ್ರ್ ಮೇಷ್ಟ್ರು ಅನ್ನುತ್ತಿದ್ದರು. ಎರಡೂ ಅವರಿಗೆ ಗೊತ್ತಿತ್ತು, ಎರಡಕ್ಕೂ ಬೇಸರವಿರಲಿಲ್ಲ. ಒಂದು ಕಾಲದಲ್ಲಿ ಅವರು ನಿಜವಾಗಿಯೂ ಮೇಷ್ಟ್ರೇ. ಮನೆಮನೆಗೆ ಹೋಗಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದರು, ಕಾರ್ಯಕ್ರಮ ಇದ್ದಾಗ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತು ನುಡಿಸುತ್ತಿದ್ದರು. ಐವತ್ತು ದಾಟುವ ಹೊತ್ತಿಗೆ ಹುಚ್ಚು ಹತ್ತಿತು. ಪಿಟೀಲಿನಲ್ಲಿ ಬರುವುದೆಲ್ಲ ಬೇರೆ ಯಾರೋ ಆಗಲೇ ನುಡಿಸಿ ಮುಗಿಸಿದ್ದು ಅನ್ನಿಸತೊಡಗಿತು. ಬಾಗಿಲ ತಿರುಗಣಿಯ ಕಿರ್ರೆನ್ನುವ ಸದ್ದು, ಅಂಗಡಿಯ ಷಟರ್ ಎಳೆಯುವ ಸದ್ದು, ಖಾಲಿ ಡ್ರಮ್ಮು ಉರುಳುವ ಸದ್ದು ಇವುಗಳಲ್ಲೇ ಏನೋ ಇದೆ, ಯಾರೂ ಕಿವಿಗೊಟ್ಟು ಕೇಳಿಲ್ಲ ಅಷ್ಟೇ, ಎಂದು ಪಾಠದ ನಡುವೆ ಮಕ್ಕಳಿಗೆ ಹೇಳಲು ಶುರುಮಾಡಿದರು. ಒಂದು ಮನೆಯಲ್ಲಂತೂ ಪಾಠದ ಹೊತ್ತೆಲ್ಲ ಹುಡುಗಿಯ ಕೈಯಲ್ಲಿ ಗೇಟಿನ ಸರಳಿಗೆ ಕಮಾನು ಉಜ್ಜಿಸಿದರು. ಪಾಠಗಳು ಒಂದೊಂದಾಗಿ ಬಿಟ್ಟುಹೋದವು.

ಮದುವೆಯಾಗಿರಲಿಲ್ಲ. ಅಕ್ಕನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದರು. ಅಕ್ಕ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಕೋಣೆಯ ಅರ್ಧಕ್ಕೆ ನೀಲಿ ಬಟ್ಟೆಯ ಥಾನುಗಳು, ಇನ್ನರ್ಧಕ್ಕೆ ತಮ್ಮ. ಅಮ್ಮ ಕೊನೆಯ ದಿನಗಳಲ್ಲಿ ಮಲಗಿದ್ದ ಕಬ್ಬಿಣದ ಮಂಚವೂ ಅಲ್ಲೇ ಗೋಡೆಗೆ ಒರಗಿತ್ತು. ಒಂದು ದಿನ ಅಕ್ಕ ಗುಂಡಿ ತರಲು ಪೇಟೆಗೆ ಹೋಗಿ ಬರುವುದರೊಳಗೆ ಮೇಷ್ಟ್ರು ಆ ಮಂಚದ ಹಲಗೆ ತೆಗೆದು, ಚೌಕಟ್ಟಿಗೆ ಉದ್ದಕ್ಕೂ ತಂತಿ ಬಿಗಿದು, ಕಾಲಿಗೆ ಗಾಲಿ ಹಾಕಿ, ತಲೆಯ ಕಡೆ ತಗಡೊಂದನ್ನು ಕಟ್ಟಿದ್ದರು. ಕಮಾನು ಎಳೆದರೆ ಇಡೀ ಮಂಚ ನರಳಿತು.

ಅಕ್ಕ ಬಾಗಿಲಲ್ಲೇ ನಿಂತಳು. "ಲೋ, ಅದು ಅಮ್ಮ ಪ್ರಾಣ ಬಿಟ್ಟ ಮಂಚ ಕಣೋ."

"ಗೊತ್ತು. ರಾತ್ರಿಯೆಲ್ಲ ಅವಳು ಹೊರಳಾಡ್ತಿದ್ದಾಗ ಮಂಚದ ಸದ್ದು ಕೇಳ್ತಿತ್ತಲ್ಲ, ಅಲ್ಲಿಂದಲೇ ನನಗೆ ಹೊಳೆದದ್ದು."

ಅಂದಿನಿಂದ ಅಕ್ಕ ಮಂಚದ ಕಡೆ ನೋಡುವುದನ್ನೇ ಬಿಟ್ಟಳು.

ಮೇಷ್ಟ್ರು ಮೊದಲು ಹೋದದ್ದು ಊರಿನ ಸಭಾಂಗಣಕ್ಕೆ. ಅಲ್ಲಿನ ಕಾರ್ಯದರ್ಶಿ ತುಂಬಾ ಮರ್ಯಾದಸ್ಥ. ಪೂರ್ತಿ ಕೇಳಿದ, ಕರವಸ್ತ್ರದಿಂದ ಕಿವಿ ಒರೆಸಿಕೊಂಡ. "ನೋಡಿ ಸಾರ್, ನಮ್ಮಲ್ಲಿ ಕುರ್ಚಿ ಇದೆ, ಪರದೆ ಇದೆ. ಗ್ಯಾರೇಜ್ ಇಲ್ಲ," ಅಂದ. ಮೇಷ್ಟ್ರು ಮಂಚ ತಳ್ಳಿಕೊಂಡು ಹೊರಗೆ ಬಂದರು. ಹೊರಗೆ ಬಂದವರು ಹೊರಗೇ ಉಳಿದರು.

ಮೇಲ್ಸೇತುವೆಯಿಂದ ಇಳಿದ ರಸ್ತೆ ಎಡಕ್ಕೆ ಹೊರಳುವಲ್ಲಿ ಮುಚ್ಚಿಹೋದ ಒಂದು ಬ್ಯಾಂಕಿನ ಕಟ್ಟಡವಿತ್ತು. ಅದರ ಮೆಟ್ಟಿಲು ಅಗಲವಾಗಿತ್ತು, ನೆರಳಿತ್ತು. ಮೆಟ್ಟಿಲ ಪಕ್ಕದ ಕಾಲುಹಾದಿಯಲ್ಲಿ ಬೀಗದಣ್ಣನ ಜಾಗ. ಒಂದು ಮೇಜು, ಮೇಜಿಗೆ ಬಿಗಿದ ಕೀಲಿ ಉಜ್ಜುವ ಯಂತ್ರ, ಮೇಲೆ ದೊಡ್ಡ ಕೊಡೆ, ಕೊಡೆಯ ಕಡ್ಡಿಗಳಿಂದ ಗೊಂಚಲು ಗೊಂಚಲಾಗಿ ಇಳಿಬಿದ್ದ ಕೀಲಿಗಳು. ಮೇಷ್ಟ್ರಿಗಿಂತ ವಯಸ್ಸಿನಲ್ಲಿ ಚಿಕ್ಕವನಾದರೂ ಆ ಮೂಲೆಯವರಿಗೆಲ್ಲ ಅವನು ಅಣ್ಣನೇ. ಮೇಷ್ಟ್ರು ಮಂಚ ನಿಲ್ಲಿಸಿದ್ದು ನೋಡಿ, "ಏನ್ ಸಾರ್, ಮಲಗೋಕೆ ಬಂದ್ರಾ?" ಅಂದ.

"ಇಲ್ಲಪ್ಪ, ನುಡಿಸೋಕೆ."

"ಮಂಚಾನಾ?"

"ಹೂಂ."

ಬೀಗದಣ್ಣ ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಯಂತ್ರದ ಗುಂಡಿ ಒತ್ತಿ ಒಂದು ಕೀಲಿ ಉಜ್ಜಲು ಕೂತ. ಚಕ್ರದ ಚೀರು, ಮಂಚದ ನರಳಾಟ ಎರಡೂ ಕೂಡಿದವು. ಮೇಷ್ಟ್ರು ಕಣ್ಣು ಮುಚ್ಚಿ ಅವನ ಚಕ್ರವನ್ನು ಹಿಂಬಾಲಿಸಿದರು. ಕೀಲಿ ಮುಗಿದಾಗ ನುಡಿಸುವುದನ್ನೂ ನಿಲ್ಲಿಸಿದರು. ಕೀಲಿ ಮಾಡಿಸಲು ಬಂದಿದ್ದ ಹೆಂಗಸು ಇಬ್ಬರ ಮುಖವನ್ನೂ ನೋಡಿ, "ಇದಕ್ಕೆ ಬೇರೆ ಕೊಡಬೇಕಾ?" ಎಂದು ಕೇಳಿದಳು. ಬೀಗದಣ್ಣ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಅಂದಿನಿಂದ ಮೇಷ್ಟ್ರ ಮಂಚಕ್ಕೆ ಆ ಮೆಟ್ಟಿಲು ಖಾಯಂ ಆಯಿತು. ಸಂಜೆ ಬೀಗದಣ್ಣ ಗಂಟುಮೂಟೆ ಕಟ್ಟುವಾಗ ಮಂಚವನ್ನು ಬ್ಯಾಂಕಿನ ಗೇಟಿಗೆ ಸರಪಳಿ ಹಾಕಿ ತಾನೇ ಬೀಗ ಜಡಿಯುತ್ತಿದ್ದ. "ನನ್ನ ಬೀಗ ಇದು, ಕೀಲಿ ಇಲ್ಲದೆ ನನ್ನ ಕೈಲೂ ತೆಗೆಯೋಕಾಗಲ್ಲ," ಅನ್ನುತ್ತಿದ್ದ.

ಸಂಗೀತದ ತಲೆಬುಡ ಅವನಿಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಹೇಳಲೂ ಇಲ್ಲ. ಆದರೆ ಕೇಳುತ್ತಿದ್ದ. ಮೇಷ್ಟ್ರಿಗೆ ಅಷ್ಟು ವರ್ಷಗಳಲ್ಲಿ ಸಿಕ್ಕ ನೆಟ್ಟಗಿನ ಕೇಳುಗ ಅವನೊಬ್ಬನೇ. "ಇವತ್ತು ಯಾಕೋ ಮಂಚಕ್ಕೆ ನೆಗಡಿ ಮೇಷ್ಟ್ರೇ," ಅಂದರೆ ನಿಜಕ್ಕೂ ಒಂದು ತಂತಿ ಸಡಿಲವಾಗಿರುತ್ತಿತ್ತು.

ಮೇಲ್ಸೇತುವೆಯಿಂದ ವೇಗವಾಗಿ ಇಳಿದ ಬಸ್ಸುಗಳು ಕೆಲವೊಮ್ಮೆ ಆ ತಿರುವಿಗೆ ಬಂದು ಗಕ್ಕನೆ ಬ್ರೇಕ್ ಹಾಕುತ್ತಿದ್ದವು. ಉದ್ದನೆಯ ಚೀತ್ಕಾರ; ಮೊದಲು ಸಣ್ಣಗೆ ಹುಟ್ಟಿ, ಏರಿ, ತುದಿಯಲ್ಲಿ ಒಡೆದು ಎರಡಾಗುವ ಸದ್ದು. ಎಲ್ಲರೂ ಹಲ್ಲು ಕಚ್ಚುತ್ತಿದ್ದ ಆ ಸದ್ದಿಗೆ ಮೇಷ್ಟ್ರು ಮರುಳಾದರು. ಮಂಚದ ಮೇಲೆ ಅದನ್ನು ತರಲೇಬೇಕು ಎಂದು ಪಟ್ಟು ಹಿಡಿದರು. ತಂತಿ ಬದಲಾಯಿಸಿದರು, ತಗಡು ಬದಲಾಯಿಸಿದರು, ಕಮಾನಿಗೆ ರಾಳ ಉಜ್ಜಿ ಉಜ್ಜಿ ಕೈಯೆಲ್ಲ ಅಂಟಾಯಿತು. ಇಡೀ ಬೇಸಿಗೆ ಅದರಲ್ಲೇ ಹೋಯಿತು. ಕೊನೆಗೊಂದು ಮಧ್ಯಾಹ್ನ ಕಮಾನನ್ನು ಮಂಚದ ಕಾಲಿನ ಹತ್ತಿರ ಓರೆಯಾಗಿ ಹಿಡಿದು ಎಳೆದಾಗ ಅದು ಬಂತು.

ಮೂಲೆಗೆ ಮೂಲೆಯೇ ಹಾರಿಬಿತ್ತು. ಟೀ ಅಂಗಡಿಯವನು ಸೌಟು ಎತ್ತಿಕೊಂಡೇ ಒಳಗೆ ಓಡಿದ. ಟ್ರಾಫಿಕ್ ಪೊಲೀಸಿನವನ ಬಾಯಿಯಿಂದ ಸೀಟಿ ಉದುರಿತು. ಬೀಗದಣ್ಣ ಮೇಜು ಬಿಟ್ಟು ಬ್ಯಾಂಕಿನ ಮೆಟ್ಟಿಲ ಮೇಲಿದ್ದ. ಬಸ್ಸು ಮಾತ್ರ ಇರಲಿಲ್ಲ. ಸದ್ದು ಎಲ್ಲಿಂದ ಬಂತೆಂದು ಗೊತ್ತಾದ ಮೇಲೆ ಎಂಥ ನಗು! ಪೊಲೀಸಿನವನು ಬೈಯಲು ಬಂದವನು ಬೈಯಲಾಗದೆ ತಾನೂ ನಕ್ಕ. "ಇನ್ನೊಂದ್ಸಲ ಬಿಡಿ ನೋಡೋಣ," ಅಂದ.

ಅಲ್ಲಿಂದ ಮೇಷ್ಟ್ರಿಗೆ ಹೆಸರು ಬಂತು. ಅವರು ತಿಂಗಳುಗಟ್ಟಲೆ ಕಟ್ಟಿದ್ದ ಬೇರೆ ರಚನೆಗಳನ್ನು ಯಾರೂ ಕೇಳಲಿಲ್ಲ. ಎಲ್ಲರಿಗೂ ಬಸ್ಸೇ ಬೇಕು. "ಬಸ್ಸು ಬಿಡಿ ಮೇಷ್ಟ್ರೇ!" ಕಚೇರಿ ಬಿಟ್ಟವರು ಹೊಸಬರನ್ನು ಕರೆತಂದು ಬೆಚ್ಚಿಬೀಳಿಸಿ ಮೋಜು ನೋಡುತ್ತಿದ್ದರು. ಯಾರೋ ಫೋನಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದರು. ಮೇಷ್ಟ್ರಿಗೆ ಒಳಗೊಳಗೆ ಕಸಿವಿಸಿ ಇತ್ತು. ಆದರೆ ಸುತ್ತ ಜನ ನಿಲ್ಲುವುದು, ತನ್ನ ಕಮಾನಿನ ತುದಿಗೆ ಅಷ್ಟು ಕಣ್ಣು ಅಂಟಿಕೊಳ್ಳುವುದು ಅವರ ಬಾಳಿನಲ್ಲಿ ಅದೇ ಮೊದಲು. ಬೇಡ ಅನ್ನಲು ಮನಸ್ಸು ಬರಲಿಲ್ಲ. ಕೇಳಿದಾಗೆಲ್ಲ ಬಿಟ್ಟರು.

ಬರಬರುತ್ತ ಆ ಮೂಲೆಯವರು ಬೆಚ್ಚುವುದನ್ನು ಬಿಟ್ಟರು. ಸದ್ದು ಎದ್ದರೆ ಟೀ ಅಂಗಡಿಯವನು ಹಾಲು ಕಾಯಿಸುತ್ತಲೇ ಇರುತ್ತಿದ್ದ. ಪೊಲೀಸಿನವನು ಬೆನ್ನು ತಿರುಗಿಸಿದ್ದರೆ ತಿರುಗಿಸಿದಂತೆಯೇ. ಬೀಗದಣ್ಣ ಕೀಲಿಯಿಂದ ಕಣ್ಣೆತ್ತದೆ, "ಬಂತು ನೋಡಿ ಮೇಷ್ಟ್ರ ಬಸ್ಸು," ಅನ್ನುತ್ತಿದ್ದ. ಗಿರಾಕಿಗಳಿಗೆ ಧೈರ್ಯ ಹೇಳುವ ಕೆಲಸವೂ ಅವನದೇ. "ಹೆದರಬೇಡಿ, ಈ ಬಸ್ಸು ಯಾರ ಮೇಲೂ ಹತ್ತಲ್ಲ."

ಅದು ನಡೆದ ದಿನ ಮೇಷ್ಟ್ರು ನುಡಿಸುತ್ತಿರಲಿಲ್ಲ. ಒಂದು ತಂತಿ ಹರಿದಿತ್ತು. ಕಮಾನನ್ನು ಮೆಟ್ಟಿಲ ಮೇಲಿಟ್ಟು, ಹೊಸ ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಿಗಿಯುತ್ತಿದ್ದರು. ಊಟದ ಹೊತ್ತು ಮುಗಿದು ರಸ್ತೆ ತೂಕಡಿಸುತ್ತಿತ್ತು. ಕೀಲಿ ಮಾಡಲು ಕೊಟ್ಟಿದ್ದ ಗಿರಾಕಿ ಟೀ ಕುಡಿಯಲು ಹೋಗಿದ್ದ. ಬೀಗದಣ್ಣ ಕನ್ನಡಕ ಮೂಗಿನ ತುದಿಗೆ ಇಳಿಸಿ ಕೀಲಿಯ ಹಲ್ಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಆಗ ಮೇಲ್ಸೇತುವೆಯ ಕಡೆಯಿಂದ ಬ್ರೇಕಿನ ಸದ್ದು ಬಂತು.

ಟೀ ಅಂಗಡಿಯಲ್ಲಿ ಯಾರೋ ನಕ್ಕರು. ಪೊಲೀಸಿನವನು ತಿರುಗಲಿಲ್ಲ. ಬೀಗದಣ್ಣ ತಲೆ ಎತ್ತದೆ, "ಬಂತು ನೋಡಿ," ಅಂದ.

ಅದು ಮೇಷ್ಟ್ರ ಬಸ್ಸಲ್ಲ ಎಂದು ಆ ಮೂಲೆಯಲ್ಲಿ ಗೊತ್ತಿದ್ದವರು ಮೇಷ್ಟ್ರೊಬ್ಬರೇ. ಕೈಯಲ್ಲಿ ಕಮಾನಿಲ್ಲ, ಮಂಚದಲ್ಲಿ ಆ ತಂತಿಯಿಲ್ಲ. ಕೂಗಬೇಕಿತ್ತು. ಕೂಗುವ ಮೊದಲು, ಒಂದೇ ಒಂದು ಗಳಿಗೆ, ಅವರ ಕಿವಿ ಬೇರೆ ಕಡೆ ಹೋಯಿತು. ನಿಜವಾದದ್ದು ತನ್ನದಕ್ಕಿಂತ ಅರ್ಧ ಸ್ವರ ಕೆಳಗಿದೆಯಲ್ಲ, ಇಷ್ಟು ದಿನ ತಪ್ಪು ನುಡಿಸಿದೆನಲ್ಲ, ಎಂದು ಅವರಿಗೆ ಅನ್ನಿಸಿತು. ಆಮೇಲೆ ಹಲ್ಲಿನಲ್ಲಿದ್ದ ತಂತಿ ಉಗಿದು "ಏಳೋ!" ಎಂದು ಕಿರುಚಿದರು. ಅಷ್ಟರಲ್ಲಿ ಬಸ್ಸು ಕಾಲುಹಾದಿ ಹತ್ತಿ ಕೊಡೆ, ಮೇಜು, ಯಂತ್ರ ಎಲ್ಲವನ್ನೂ ಉಜ್ಜಿಕೊಂಡು ಬಂದು ಬ್ಯಾಂಕಿನ ಗೋಡೆಗೆ ಒರಗಿ ನಿಂತಿತ್ತು. ಸುಮಾರು ಹೊತ್ತು ಕೀಲಿಗಳು ಒಂದೊಂದಾಗಿ ರಸ್ತೆಗೆ ಉದುರುತ್ತಿದ್ದವು.

ಬೀಗದಣ್ಣನನ್ನು ಹೊರಗೆಳೆಯಲು ಬಸ್ಸನ್ನು ಹಿಂದಕ್ಕೆ ತಳ್ಳಬೇಕಾಯಿತು. ಮೇಷ್ಟ್ರೂ ಭುಜ ಕೊಟ್ಟರು. ಹೊರಗೆ ತಂದಾಗ ಅವನಲ್ಲಿ ಉಸಿರು ಉಳಿದಿರಲಿಲ್ಲ. ಕನ್ನಡಕ ಮಾತ್ರ ಒಡೆಯದೆ ಮೂಗಿನ ತುದಿಯಲ್ಲೇ ಇತ್ತು.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು. "ಆಗ ನೀವು ನುಡಿಸ್ತಿದ್ರಾ?"

"ಇಲ್ಲ."

"ಹಾಗಾದ್ರೆ ನಿಮ್ಮದೇನೂ ಇಲ್ಲ ಬಿಡಿ. ಬಸ್ಸಿನ ಬ್ರೇಕ್ ಸವೆದಿತ್ತು, ಒತ್ತಿದ್ರೂ ಹಿಡಿದಿಲ್ಲ. ಡ್ರೈವರನನ್ನ ಹಿಡಿದಿದ್ದೀವಿ."

ಹೊರಗೆ ಟ್ರಾಫಿಕ್ ಪೊಲೀಸಿನವನು ಗೋಡೆಗೆ ಒರಗಿ ನಿಂತಿದ್ದ. ಮೇಷ್ಟ್ರನ್ನು ಕಂಡು ಹತ್ತಿರ ಬಂದ. "ನಾನು ತಿರುಗಲೇ ಇಲ್ಲ ಮೇಷ್ಟ್ರೇ," ಅಂದ. "ನಕ್ಕೆ. ದೇವರಾಣೆ, ನಕ್ಕೆ." ಇಬ್ಬರೂ ಬೇರೆಬೇರೆ ದಾರಿ ಹಿಡಿದರು.

ಯಾರೂ ಮೇಷ್ಟ್ರನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಂಚ ತರಲು ಹೋದಾಗ ಟೀ ಅಂಗಡಿಯವನು ಕರೆದು ಕೂರಿಸಿ ಟೀ ಕೊಟ್ಟ, ಆದರೆ ಮುಖ ಕೊಡಲಿಲ್ಲ. ಪಕ್ಕದ ಬೆಂಚಿನಲ್ಲಿದ್ದ ಪರಸ್ಥಳದವನೊಬ್ಬ, ಫೋನಿನಲ್ಲಿ ನೋಡಿ ಗುರುತು ಹಿಡಿದವನು, "ನೀವೇ ಅಲ್ವಾ ಸಾರ್? ಒಂದ್ಸಲ ಬಸ್ಸು ಬಿಡಿ, ಪ್ಲೀಸ್," ಅಂದ. ಟೀ ಅಂಗಡಿಯವನು ಅವನ ಕೈಯಿಂದ ಲೋಟ ಕಿತ್ತುಕೊಂಡು, "ಎದ್ದು ಹೋಗಯ್ಯಾ," ಅಂದ. ಮೇಷ್ಟ್ರೂ ಎದ್ದರು. ಅಪಘಾತದ ಸಂಜೆ ಟೀ ಅಂಗಡಿಯವನೇ ಮಂಚಕ್ಕೆ ಸರಪಳಿ ಹಾಕಿ ಬೀಗ ಒತ್ತಿಬಿಟ್ಟಿದ್ದ. ತೆಗೆಯಲು ಕೀಲಿ ಇರಲಿಲ್ಲ, ಅದು ಬೀಗದಣ್ಣನ ಜೇಬಿನಲ್ಲಿ ಹೋಗಿತ್ತು. ಗರಗಸ ತರಿಸಿ ಸರಪಳಿ ಕೊಯ್ಯಬೇಕಾಯಿತು.

ಒಂದು ವಾರ ಕಳೆದ ಮೇಲೆ ಸಭಾಂಗಣದ ಕಾರ್ಯದರ್ಶಿ ಹೊಲಿಗೆ ಅಂಗಡಿಯನ್ನೇ ಹುಡುಕಿಕೊಂಡು ಬಂದ. ಅಳತೆಗೆ ನಿಂತಿದ್ದ ಮಕ್ಕಳನ್ನು ದಾಟಿ ಒಳಗೆ ಬಂದು ಥಾನಿನ ಮೇಲೆ ಕೂತ. "ತುಂಬಾ ನೋವಾಯ್ತು ಸಾರ್. ಜನ ಎಲ್ಲಾ ಕಡೆ ಇದನ್ನೇ ಮಾತಾಡ್ತಿದ್ದಾರೆ. ಅವರ ನೆನಪಿಗೆ ಒಂದು ಕಾರ್ಯಕ್ರಮ ಇಟ್ಕೊಳ್ಳೋಣ ಅಂತ. ಕತ್ತಲೆ ಮಾಡಿ, ಬರೀ ಆ ಸದ್ದು. ಹಾಲ್ ತುಂಬುತ್ತೆ."

"ನಿಮ್ಮಲ್ಲಿ ಗ್ಯಾರೇಜ್ ಇಲ್ಲ ಅಂದಿದ್ರಿ," ಅಂದರು ಮೇಷ್ಟ್ರು.

"ಅದು ಆವಾಗ ಸಾರ್."

ಅಕ್ಕ ಕತ್ತರಿ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದಳು. "ಮಕ್ಕಳು ಕಾಯ್ತಿದ್ದಾರೆ, ಜಾಗ ಬಿಡಿ," ಅಂದಳು. ಕಾರ್ಯದರ್ಶಿ ಕತ್ತರಿಯನ್ನು ನೋಡಿ ಎದ್ದ.

ಬೀಗದಣ್ಣನ ಹೆಂಡತಿ ಬಂದದ್ದು ಅದಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ. ಔಷಧಿ ಗೋದಾಮಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸ ಅವಳದು. ಬೆರಳ ತುದಿಯಲ್ಲಿ ಒಣಗಿದ ಗೋಂದು ಇತ್ತು. ಮೇಷ್ಟ್ರು ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದರು.

"ಬೇಡ ಮೇಷ್ಟ್ರೇ. ಸಮಾಧಾನ ಎಲ್ಲರೂ ಹೇಳಿ ಆಯ್ತು," ಅಂದಳು. "ನಾನು ಬಂದಿದ್ದು ಬೇರೆ ವಿಷಯಕ್ಕೆ. ಆ ಸದ್ದು ನನಗೆ ಕೇಳಿಸಿ."

"ಯಾವ ಸದ್ದು?"

"ಯಾವುದು ಅಂತ ನಿಮಗೆ ಗೊತ್ತು. ದಿನಾ ಮನೆಗೆ ಬಂದು ಹೇಳೋರು, ಬಾರೆ ಒಂದಿನ, ಮೇಷ್ಟ್ರ ಬಸ್ಸು ಕೇಳು ಅಂತ. ನನಗೆ ರಜೆ ಸಿಗಲಿಲ್ಲ. ಫೋನಿನಲ್ಲಿ ತೋರಿಸಿದ್ರು, ಅದರಲ್ಲಿ ಬರೀ ಗಲಾಟೆ. ಈಗ ಕೇಳ್ಬೇಕು. ಅಲ್ಲೇ ಕೇಳ್ಬೇಕು."

ಅಕ್ಕ ಅವಳ ಭುಜ ಹಿಡಿದಳು. "ಯಾಕಮ್ಮ ತಂಗೀ, ಇರೋ ನೋವು ಸಾಲದಾ?"

"ನನ್ನ ತಲೇಲಿ ದಿನಕ್ಕೊಂದು ಸದ್ದು ಬರ್ತಿದೆ ಅಕ್ಕಾ. ಗೋದಾಮಿನಲ್ಲಿ ಗಾಡಿ ಉರುಳಿದ್ರೆ ಅದೇ ಇರಬೇಕು ಅನ್ಸುತ್ತೆ, ಕುಕ್ಕರ್ ಕೂಗಿದ್ರೆ ಅದೇ ಅನ್ಸುತ್ತೆ. ಅವರ ಕಿವಿಗೆ ಕೊನೆಗೆ ಬಿದ್ದದ್ದು ಯಾವುದು ಅಂತ ಗೊತ್ತಾದ್ರೆ ಉಳಿದದ್ದೆಲ್ಲ ಸುಮ್ಮನಾಗಬಹುದು."

ಮೇಷ್ಟ್ರು ಒಪ್ಪಲಿಲ್ಲ. ಅವಳು ಎದ್ದು ಹೋಗಲೂ ಇಲ್ಲ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತೇ ಇದ್ದಳು. ಅಕ್ಕ ಅನ್ನ ಬಡಿಸಿದಳು, ಉಂಡಳು, ಮತ್ತೆ ಕೂತಳು. ಮಧ್ಯಾಹ್ನ ಇಳಿಯುವಾಗ ಮೇಷ್ಟ್ರು ಮಂಚವನ್ನು ರಸ್ತೆಗೆ ತಳ್ಳಿದರು. ಆ ಮಂಚವನ್ನು ಕಣ್ಣೆತ್ತಿಯೂ ನೋಡದ ಅಕ್ಕ ಅಂದು ಇನ್ನೊಂದು ತುದಿ ಹಿಡಿದಳು.

ಮೂಲೆಯಲ್ಲಿ ಗೋಡೆಗೆ ಬಸ್ಸು ಉಜ್ಜಿದ ಗುರುತು ಹಾಗೇ ಇತ್ತು. ಮೇಜಿನ ಜಾಗದಲ್ಲಿ ಕಾಲುಹಾದಿಯ ಕಲ್ಲುಗಳು ಎದ್ದಿದ್ದವು. ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ತಂತಿಯನ್ನು ಶ್ರುತಿಗೆ ತಂದರು. ಆಮೇಲೆ ಅದನ್ನು ಅರ್ಧ ಸ್ವರ ಇಳಿಸಿದರು. ಯಾಕೆ ಇಳಿಸಿದರೆಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಈ ವಿಷಯವನ್ನು ಅವರು ಯಾರಿಗೂ, ಅಕ್ಕನಿಗೂ, ಕೊನೆಯವರೆಗೂ ಹೇಳಲಿಲ್ಲ.

"ಎಲ್ಲಿ ಕೂತಿದ್ರು?" ಅಂದಳು. ಮೇಷ್ಟ್ರು ಬೆರಳು ತೋರಿಸಿದರು. ಅವಳು ಎದ್ದ ಕಲ್ಲುಗಳ ನಡುವೆ ಹೋಗಿ, ರಸ್ತೆಗೆ ಬೆನ್ನು ಹಾಕಿ, ಕೆಳಗೆ ಕೂತಳು.

ಮೇಷ್ಟ್ರು ಕಮಾನು ಎಳೆದರು.

ಎಷ್ಟೋ ತಿಂಗಳಿಂದ ಬೆಚ್ಚದಿದ್ದ ಆ ಮೂಲೆ ಮತ್ತೆ ಬೆಚ್ಚಿಬಿತ್ತು. ಟೀ ಅಂಗಡಿಯಲ್ಲಿ ಲೋಟಗಳು ಒಡೆದವು. ದಾರಿಹೋಕನೊಬ್ಬ ಮಗುವನ್ನು ಎದೆಗವಚಿಕೊಂಡು ಅಂಗಡಿಯ ಒಳಕ್ಕೆ ನುಗ್ಗಿದ. ಪೊಲೀಸಿನವನು ಗಿರಕ್ಕನೆ ತಿರುಗಿ ಎರಡೂ ಕೈ ಚಾಚಿ ಖಾಲಿ ರಸ್ತೆಯ ಮಧ್ಯಕ್ಕೆ ಓಡಿ ಬಂದ. ಬಂದು ಅಲ್ಲೇ ನಿಂತು ಅತ್ತ. ಬೀಗದಣ್ಣನ ಹೆಂಡತಿ ಮಾತ್ರ ಅಲುಗಾಡಲಿಲ್ಲ.

ಸದ್ದು ನಿಂತ ಮೇಲೆ ಅವಳು ಕತ್ತು ತಿರುಗಿಸಿದಳು. "ಇಷ್ಟು ಹೊತ್ತು ಬಂತಾ ಸದ್ದು?"

"ಇಷ್ಟೇ."

"ಇಷ್ಟು ಹೊತ್ತಿದ್ರೆ ಒಂದು ಸಲ ತಲೆ ಎತ್ತಬಹುದಿತ್ತಲ್ಲ ಮೇಷ್ಟ್ರೇ. ಎದ್ದು ಆ ಮೆಟ್ಟಿಲಿಗೆ ಹಾರಬಹುದಿತ್ತು."

"ಹೌದಮ್ಮ."

"ನೀವು ನುಡಿಸ್ತಾ ಇದ್ದೀರ ಅಂದ್ಕೊಂಡ್ರು."

"ಹೌದು."

ಅವಳು ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. ಅಳುತ್ತಿರಲಿಲ್ಲ. "ನಾನು ಕೆಲಸ ಬಿಟ್ಟು ಇಲ್ಲೇ ಕೂರ್ತೀನಿ. ಯಂತ್ರ ರಿಪೇರಿ ಆಗುತ್ತಂತೆ. ಕೀಲಿ ಉಜ್ಜೋದು ಅವರು ನನಗೂ ಕಲಿಸಿದ್ರು," ಅಂದಳು. ಆಮೇಲೆ ಮುಖ ಬೇರೆ ಕಡೆ ಮಾಡಿ ಹೇಳಿದಳು: "ನೀವು ಇಲ್ಲಿಗೆ ಬರಬೇಡಿ ಮೇಷ್ಟ್ರೇ. ಆಗೋದಾದ್ರೆ ಈ ಊರಿನಲ್ಲೇ ಇರಬೇಡಿ. ಕೋಪಕ್ಕೆ ಹೇಳ್ತಿಲ್ಲ. ಅವರು ನಿಮ್ಮನ್ನ ತುಂಬಾ ಹಚ್ಚಿಕೊಂಡಿದ್ರು. ನನಗೆ ನಿಮ್ಮನ್ನ ನೋಡೋಕಾಗಲ್ಲ."

"ಆಯ್ತಮ್ಮ," ಅಂದರು ಮೇಷ್ಟ್ರು.

ಹಾಗೆ ಊರು ಬಿಡುವುದೆಂದಾಯಿತು. ಹೊರಡುವ ಮುಂಚೆ ಮೇಷ್ಟ್ರು ಒಂದು ಕೆಲಸ ಮಾಡಿದರು. ಮಂಚದ ತಂತಿಗಳನ್ನೆಲ್ಲ ಬಿಚ್ಚಿದರು, ಗಾಲಿ ಕಳಚಿದರು, ಹಳೆಯ ಹಲಗೆ ಒರೆಸಿ ಮತ್ತೆ ಕೂರಿಸಿದರು. ತೂತುಗಳು ಮಾತ್ರ ಹಾಗೇ ಉಳಿದವು. ಅಕ್ಕ ಬಂದು ನೋಡಿದಳು. ಒಂದು ತೂತಿಗೆ ಬೆರಳು ಹಾಕಿದಳು. "ಬಟ್ಟೆ ಇಡೋಕೆ ಆಗುತ್ತೆ," ಅಂದಳು.

ಬಸ್ ನಿಲ್ದಾಣಕ್ಕೆ ಅವಳೊಬ್ಬಳೇ ಬಂದಳು. ಮೂವತ್ತು ವರ್ಷ ಆ ಊರಿನಲ್ಲಿ ನುಡಿಸಿದವರನ್ನು ಕಳಿಸಲು ಇನ್ಯಾರೂ ಇರಲಿಲ್ಲ. ಅವರೂ ಯಾರಿಗೂ ಹೇಳಿರಲಿಲ್ಲ. ಒಂದು ಚೀಲ, ಹೊದಿಕೆಯಲ್ಲಿ ಸುತ್ತಿದ ಪಿಟೀಲು.

"ಹೋಗು ಅಂತ ನಾನು ಹೇಳಿಲ್ಲ," ಅಂದಳು ಅಕ್ಕ.

"ಇರು ಅಂತಲೂ ಹೇಳಲಿಲ್ಲ."

"ಹೇಳಿದ್ರೆ ಇರ್ತಿದ್ದೆಯಾ?"

"ಇಲ್ಲ."

"ಮತ್ತೆ ಸುಮ್ಮನೆ ಬಾಯಿ ಯಾಕೆ ನೋಯಿಸ್ಕೊಳ್ಳಲಿ?" ಅವಳು ತಮ್ಮನ ಅಂಗಿಯ ಕಾಲರು ಸರಿಮಾಡಿದಳು. ಸಡಿಲವಾಗಿದ್ದ ಒಂದು ಗುಂಡಿ ಕೈಗೆ ತಾಗಿತು. ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿದಾರ ತೆಗೆದು, ಬಸ್ಸು ಗುರುಗುಟ್ಟುತ್ತಿರುವಾಗಲೇ ನಿಂತಲ್ಲೇ ಅದನ್ನು ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು. ಕಡಿಯುವಾಗ ಅವಳ ಹಣೆ ತಮ್ಮನ ಎದೆಗೆ ತಾಗಿತು. ಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಹಾಗೆ ಇಟ್ಟಿದ್ದಳು.

ಅವರು ಹೋಗಿ ಸೇರಿದ್ದು ದೂರದ ಒಂದು ಚಿಕ್ಕ ಊರು. ಸೋದರತ್ತೆಯ ಮಗನ ಹಿಟ್ಟಿನ ಗಿರಣಿ ಅಲ್ಲಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಯಂತ್ರ ತಿರುಗುತ್ತಿತ್ತು. ಮಾತಾಡಬೇಕಾದರೆ ಕೈಸನ್ನೆ ಮಾಡಬೇಕು, ಇಲ್ಲ ಕಿವಿಗೆ ಬಾಯಿ ಇಟ್ಟು ಕೂಗಬೇಕು. ಮೇಷ್ಟ್ರು ಚೀಲ ಹಿಡಿಯುವುದು, ತೂಗುವುದು ಕಲಿತರು. ಹುಬ್ಬು, ಮೀಸೆ ಎಲ್ಲ ಬೆಳ್ಳಗಾದವು. ಪಿಟೀಲನ್ನು ಆ ಊರಿನ ಶಾಲೆಗೆ ಕೊಟ್ಟುಬಿಟ್ಟರು. ಅಲ್ಲಿ ಕಲಿಸುವವರಿಲ್ಲದೆ ಅದು ಬೀರುವಿನ ಮೇಲೆ ಉಳಿಯಿತು.

ಅಕ್ಕ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಬೀಗದಣ್ಣನ ಹೆಂಡತಿಗೆ ಮೂಲೆಯಲ್ಲಿ ಗಿರಾಕಿ ಚೆನ್ನಾಗಿದ್ದಾರೆ ಎಂದು ಹೇಳಿದಳು. ತಿರುವಿನಲ್ಲಿ ಸಿಮೆಂಟಿನ ತಡೆಗೋಡೆ ಕಟ್ಟಿದ್ದಾರೆ ಎಂದೂ ಹೇಳಿದಳು. ಮೇಷ್ಟ್ರು ತಲೆಯಾಡಿಸಿದರು. ಗಿರಣಿ ನಿಂತ ಮೇಲೂ ಅವಳು ಒಂದು ಮಾತನ್ನು ಎರಡೆರಡು ಸಲ ಹೇಳಬೇಕಾಗುತ್ತಿತ್ತು. ಮೊದಮೊದಲು ತಮ್ಮ ಬೇಕೆಂದೇ ಹಾಗೆ ಮಾಡುತ್ತಾನೆ ಅಂದುಕೊಂಡಳು. ಒಂದು ಸಲ ಅವರ ಬೆನ್ನ ಹಿಂದೆ ನಿಂತು ಸೌಟನ್ನು ನೆಲಕ್ಕೆ ಬೀಳಿಸಿ ನೋಡಿದಳು. ಮೇಷ್ಟ್ರು ತಿರುಗಲಿಲ್ಲ. ತಟ್ಟೆಯಲ್ಲಿ ಅನ್ನ ಕಲಸುತ್ತ, ಈ ವರ್ಷ ಗೋಧಿಯಲ್ಲಿ ಕಲ್ಲು ಜಾಸ್ತಿ ಎಂದು ಏನೋ ಹೇಳುತ್ತಲೇ ಇದ್ದರು.